ತಾತನ ಸಾವು ಯಾವ ಪುಸ್ತಕದಲ್ಲಿದೆ?

(ಓದುಗರ ಪ್ರಶ್ನೆಗಳಿಗೆ ತಾಲ್ಲೂಕು ಕಚೇರಿಯ ನಿವೃತ್ತ ಶಿರಸ್ತೇದಾರರೊಬ್ಬರ ಉತ್ತರ)

ಪ್ರಶ್ನೆ: ಸಾರ್, ನಮ್ಮ ತಾತ 1984ರ ಕೊನೆಯಲ್ಲಿ ಊರಲ್ಲೇ ತೀರಿಕೊಂಡರು. ತೆಂಗಿನ ತೋಟ ಇನ್ನೂ ಅವರ ಹೆಸರಿನಲ್ಲೇ ಇದೆ. ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಹೋದರೆ ಮರಣ ಪ್ರಮಾಣಪತ್ರ ತನ್ನಿ ಅಂತಾರೆ. ಅದನ್ನು ಕೇಳಲು ಹೋದರೆ ‘ಕಂಪ್ಯೂಟರಿನಲ್ಲಿ ಬರ್ತಿಲ್ಲ’ ಅಂತ ಕಳಿಸಿದರು. ಕಚೇರಿ ಹೊರಗಿದ್ದ ಒಬ್ಬರು ‘ಈ ವರ್ಷ ತೀರಿಕೊಂಡ ಹಾಗೆ ಬರೆಸಿಬಿಡೋಣ, ಬೇಗ ಆಗುತ್ತೆ’ ಅನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಮೊದಲು ಆ ಹೊರಗಿದ್ದವರಿಗೆ ಕೈಮುಗಿದು ಬನ್ನಿ. ಸುಳ್ಳು ಮಾಹಿತಿ ಕೊಟ್ಟು ಮರಣ ಬರೆಸುವುದು 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲೇ ಅಪರಾಧ. ಅದಕ್ಕಿಂತ ದೊಡ್ಡ ಪೇಚು ಇನ್ನೊಂದಿದೆ. ಯಾರು ಮೊದಲು ತೀರಿಕೊಂಡರು, ಯಾರು ಆಮೇಲೆ ಅನ್ನುವುದರ ಮೇಲೆ ಪಾಲು ನಿಂತಿರುತ್ತದೆ. ತಾತನಾದ ಮೇಲೆ ನಿಮ್ಮ ದೊಡ್ಡಪ್ಪನೋ ಅತ್ತೆಯೋ ಹೋಗಿದ್ದರೆ, ತಾತನ ದಿನಾಂಕವನ್ನು ನಲವತ್ತು ವರ್ಷ ಮುಂದೆ ತಳ್ಳಿದ ಕೂಡಲೇ ವಂಶವೃಕ್ಷವೇ ತಲೆಕೆಳಗಾಗುತ್ತದೆ. ನಾಳೆ ದಾಯಾದಿಯೊಬ್ಬ ಸಮಾಧಿ ಕಲ್ಲಿನ ಫೋಟೋ ಹಿಡಿದು ಕೋರ್ಟಿಗೆ ಹೋದರೆ ತೋಟವೂ ಹೋಯಿತು, ಮಾನವೂ ಹೋಯಿತು.

ಇನ್ನು ‘ಕಂಪ್ಯೂಟರಿನಲ್ಲಿ ಇಲ್ಲ’ ಅನ್ನುವ ಮಾತು. 1984ರಲ್ಲಿ ಕಂಪ್ಯೂಟರ್ ಎಲ್ಲಿತ್ತು? ಆಗ ಊರಿನ ಸಾವು ಬರೆದುಕೊಳ್ಳುತ್ತಿದ್ದವರು ಗ್ರಾಮ ಲೆಕ್ಕಿಗರು. ವರ್ಷ ಮುಗಿದು ಹನ್ನೆರಡು ತಿಂಗಳಾದ ಮೇಲೆ ಆ ರಿಜಿಸ್ಟರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಬರಬೇಕು. ಮರಣ ರಿಜಿಸ್ಟರು ಶಾಶ್ವತ ದಾಖಲೆ, ಅದನ್ನು ನಾಶ ಮಾಡುವಂತಿಲ್ಲ ಅಂತ ನಿಯಮದಲ್ಲೇ ಇದೆ. ಆದ್ದರಿಂದ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಬೇಡಿ. ‘ಇಂಥ ಹೋಬಳಿ, ಇಂಥ ಗ್ರಾಮದ 1984 ಮತ್ತು 1985ನೇ ಸಾಲಿನ ಮರಣ ರಿಜಿಸ್ಟರು ಹುಡುಕಿ ದೃಢೀಕೃತ ನಕಲು ಕೊಡಿ’ ಅಂತ ಅರ್ಜಿ ಬರೆದು, ಹುಡುಕುವ ಶುಲ್ಕ ಕಟ್ಟಿ, ಸ್ವೀಕೃತಿ ತೆಗೆದುಕೊಳ್ಳಿ.

85 ಯಾಕೆ ಅಂತೀರಾ? ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಬೀಳುವುದು ಸಾವಿನ ದಿನಕ್ಕಲ್ಲ, ಬರೆಸಿದ ದಿನಕ್ಕೆ. ಡಿಸೆಂಬರಿನಲ್ಲಿ ಹೋದವರನ್ನು ತಿಥಿ ಎಲ್ಲ ಮುಗಿಸಿ ಜನವರಿಯಲ್ಲಿ ಬರೆಸಿದ್ದರೆ ಅವರು ಮುಂದಿನ ವರ್ಷದ ಮೊದಲ ಪುಟದಲ್ಲಿ ಕೂತಿರುತ್ತಾರೆ. ನಿಮ್ಮದು ಮಜರೆ ಗ್ರಾಮವಾದರೆ, ಅಂದರೆ ದೊಡ್ಡ ಊರೊಂದಕ್ಕೆ ಸೇರಿದ ಉಪಗ್ರಾಮವಾದರೆ, ಆ ಅಸಲು ಗ್ರಾಮದ ಹೆಸರಿನಲ್ಲಿ ಹುಡುಕಿಸಿ. ಹೆಸರಿನ ಕಥೆಯಂತೂ ಕೇಳಲೇಬೇಡಿ. ಮನೆಯವರಿಗೆ ರಂಗಸ್ವಾಮಯ್ಯ, ಪಹಣಿಯಲ್ಲಿ ರಂಗಯ್ಯ, ಲೆಕ್ಕಿಗರಿಗೆ ‘ದೊಡ್ರಂಗ ಬಿನ್ ತಿಮ್ಮ’. ಹೆಸರು ನೋಡುವ ಮೊದಲು ‘ಬಿನ್’ ಆದಮೇಲೆ ಏನಿದೆ ನೋಡಿ. ಮಗನ ಹೆಸರನ್ನು ಹೇಗೆ ಬರೆದಿದ್ದರೂ ಅಪ್ಪನ ಹೆಸರು ಸಾಮಾನ್ಯವಾಗಿ ದಾರಿ ತೋರಿಸುತ್ತದೆ. ಹೆಂಗಸರಾದರೆ ‘ಕೋಂ’ ಆದಮೇಲೆ ಇರುವ ಗಂಡನ ಹೆಸರು.

ಇನ್ನೊಂದು ದಾರಿ: ನಿಮ್ಮ ಅಜ್ಜಿಗೆ ವಿಧವಾ ವೇತನ ಬರುತ್ತಿತ್ತೇ? ತಾತನ ಹೆಸರಿನ ವಿಮೆ ಹಣವನ್ನೋ ಸೊಸೈಟಿ ಷೇರನ್ನೋ ಯಾರಾದರೂ ಬಿಡಿಸಿಕೊಂಡಿದ್ದರೇ? ಹಾಗಿದ್ದರೆ ಆವತ್ತೇ ಒಂದು ಮರಣ ಪತ್ರ ಯಾವುದೋ ಫೈಲಿಗೆ ಸೇರಿರುವ ಸಂಭವ ಉಂಟು. ಅದರ ನೋಂದಣಿ ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅಜ್ಜಿಯ ಟ್ರಂಕು ತೆಗೆಯದೆ ಕಚೇರಿಗೆ ಹೋಗುವವರನ್ನು ನಾನು ಬಹಳ ಕಂಡಿದ್ದೇನೆ.

ಇಷ್ಟೆಲ್ಲ ಮಾಡಿದರೂ ಸಿಗದಿದ್ದರೆ ‘ಇಲ್ಲ’ ಅನ್ನುವುದನ್ನೇ ಕಾಗದದಲ್ಲಿ ಕೊಡಿ ಅನ್ನಿ. ಅದಕ್ಕೆಂದೇ ನಮೂನೆ-10 ಇದೆ, ದಾಖಲೆ ಅಲಭ್ಯತೆಯ ಪ್ರಮಾಣಪತ್ರ. ಬೇಸರದಿಂದ ಬರಿಗೈಯಲ್ಲಿ ವಾಪಸಾಗಬೇಡಿ, ಮುಂದಿನ ಬಾಗಿಲು ತೆರೆಯುವುದು ಆ ಕಾಗದವೇ. ಸಾವು ನಡೆದು ವರ್ಷ ಕಳೆದಿದ್ದರೆ ಹಿಂದೆ ಜೆ.ಎಂ.ಎಫ್.ಸಿ. (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ) ಕೋರ್ಟಿನ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ. ನಮ್ಮ ಕಡೆ ಉಪವಿಭಾಗ ದಂಡಾಧಿಕಾರಿ ಅಂದರೆ ಎ.ಸಿ. (ಅಸಿಸ್ಟೆಂಟ್ ಕಮಿಷನರ್) ಸಾಹೇಬರು. ಅಲಭ್ಯತೆಯ ಪತ್ರ, ಪ್ರಮಾಣಪತ್ರದ ಅರ್ಜಿ, ಪಹಣಿ, ಹಳೇ ರೇಷನ್ ಕಾರ್ಡು, ತಿಥಿ ಕಾರ್ಡು, ಸಮಾಧಿಯ ಫೋಟೋ, ಆ ಕಾಲ ಕಂಡ ಹಿರಿಯರ ಹೇಳಿಕೆ ಎಲ್ಲ ಇಟ್ಟು ಅರ್ಜಿ ಹಾಕಿ. ವಿಚಾರಣೆ ಆಗಿ ಆದೇಶ ಬಂದ ಮೇಲೆ ನೋಂದಣಾಧಿಕಾರಿ ಬರೆದುಕೊಳ್ಳುತ್ತಾರೆ, ನಿಜವಾದ ದಿನಾಂಕದಲ್ಲೇ. ತಡವಾಗುತ್ತದೆ, ನಿಜ. ನಲವತ್ತು ವರ್ಷ ಸುಮ್ಮನಿದ್ದವರು ಇನ್ನೊಂದಿಷ್ಟು ತಿಂಗಳು ಕಾಯಬಹುದು.

ಪ್ರಶ್ನೆ: ಅಪ್ಪಾಜಿಗೆ ಮಂಡ್ಯ ಜಿಲ್ಲೆಯ ನಮ್ಮ ಊರಲ್ಲಿ ಎದೆನೋವು ಬಂತು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಕರೆದೊಯ್ಯುವಾಗ ದಾರಿಯಲ್ಲೇ ಹೋಗಿಬಿಟ್ಟರು. ಆಸ್ಪತ್ರೆಯವರು ‘ತರುವಾಗಲೇ ಜೀವ ಇರಲಿಲ್ಲ’ ಅಂತ ಬರೆದುಕೊಟ್ಟರು. ಸಂಸ್ಕಾರ ಊರಲ್ಲಾಯಿತು. ಈಗ ಎಲ್ಲಿ ಬರೆಸಬೇಕು?
– ಒಬ್ಬ ಮಗಳು

ಉತ್ತರ: ಸಮಾಧಾನ ಮಾಡಿಕೊಳ್ಳಿ ತಾಯಿ. ನೋಂದಣಿಗೆ ಮನೆ ಎಲ್ಲಿದೆ, ಸಂಸ್ಕಾರ ಎಲ್ಲಾಯಿತು ಅನ್ನುವುದು ಲೆಕ್ಕಕ್ಕಿಲ್ಲ. ಪ್ರಾಣ ಹೋದ ಜಾಗವೇ ಲೆಕ್ಕ. ಓಡುತ್ತಿರುವ ವಾಹನದಲ್ಲಿ ಹೋದರೆ, ಆ ವಾಹನ ಮೊದಲು ನಿಂತ ಜಾಗದಲ್ಲಿ ತಿಳಿಸಬೇಕು ಅಂತ ನಿಯಮ ಹೇಳುತ್ತದೆ. ನಿಮ್ಮ ಆಂಬುಲೆನ್ಸು ಬೇರೆಲ್ಲೂ ನಿಲ್ಲದೆ ಮೈಸೂರಿನ ಆಸ್ಪತ್ರೆಯಲ್ಲೇ ನಿಂತಿದ್ದರೆ ಮೈಸೂರಿನಲ್ಲೇ ಬರೆಸಬೇಕು. ಆಸ್ಪತ್ರೆಯ ಚೀಟಿ, ಅಪ್ಪಾಜಿಯ ಆಧಾರ್, ನಿಮ್ಮ ಗುರುತಿನ ಚೀಟಿ ಹಿಡಿದು ಹೋಗಿ. ಇಪ್ಪತ್ತೊಂದು ದಿನದೊಳಗಾದರೆ ದಂಡವಿಲ್ಲ, ಮೊದಲ ಪ್ರತಿಯೂ ಉಚಿತ. ಮೂವತ್ತು ದಿನದೊಳಗೆ ತಡದ ಶುಲ್ಕ ಕಟ್ಟಿದರೆ ಸಾಕು. ಅದು ದಾಟಿ ವರ್ಷದೊಳಗಾದರೆ ಮೇಲಿನವರ ಲಿಖಿತ ಅನುಮತಿ ಬೇಕು. ಊರಿನವರು ಪ್ರೀತಿಯಿಂದ ‘ಇಲ್ಲೇ ಬರೆದುಕೊಡ್ತೀವಿ’ ಅಂದರೂ ಬೇಡ. ಒಂದೇ ಸಾವು ಎರಡು ಕಡೆ ದಾಖಲಾದರೆ ಅದನ್ನು ಬಿಡಿಸುವುದು ಹೊಸದಾಗಿ ಬರೆಸುವುದಕ್ಕಿಂತ ಕಷ್ಟ.

ಪ್ರಶ್ನೆ: ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಮೂಲ ಹಾಸನದ ಕಡೆ. ಮನೆತನದ ಚರಿತ್ರೆ ಬರೆಯುತ್ತಿದ್ದೇನೆ. ಮುತ್ತಾತ ಹೋದದ್ದು ಯಾವ ವರ್ಷ ಅಂತ ಯಾರಿಗೂ ಗೊತ್ತಿಲ್ಲ. ‘ಈಶ್ವರ ಸಂವತ್ಸರ, ಕಾರ್ತಿಕ ಬಹುಳ’ ಅಂತ ಮಾತ್ರ ನಮ್ಮಜ್ಜಿ ಹೇಳುತ್ತಿದ್ದರು.

ಉತ್ತರ: ನಿಮ್ಮಜ್ಜಿ ಹೇಳಬೇಕಾದ್ದನ್ನೆಲ್ಲ ಹೇಳಿಬಿಟ್ಟಿದ್ದಾರಲ್ಲ! ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಈಶ್ವರ ಸಂವತ್ಸರ ಬಂದಿದ್ದು 1997-98ರಲ್ಲಿ, ಅದರ ಹಿಂದಿನದು 1937-38. ಮುತ್ತಾತ ಅಂದರೆ 37ನೇ ಇಸವಿಯೇ ಹೊಂದುತ್ತದೆ. ಆ ವರ್ಷದ ಕಾರ್ತಿಕ ಬಹುಳ ನವೆಂಬರ್ ಉತ್ತರಾರ್ಧಕ್ಕೆ ಬೀಳುತ್ತದೆ. ಮನೆಯಲ್ಲಿ ಈಗಲೂ ಶ್ರಾದ್ಧ ಮಾಡುವ ತಿಥಿ ಯಾವುದು ಕೇಳಿ, ಹಳೇ ಪಂಚಾಂಗ ನೋಡಬಲ್ಲವರು ತಾರೀಖನ್ನೇ ಹೇಳುತ್ತಾರೆ.

ಸರ್ಕಾರಿ ದಾಖಲೆಯ ಆಸೆ ಮಾತ್ರ ಕಡಿಮೆ ಇಟ್ಟುಕೊಳ್ಳಿ. ಈಗಿನ ಕಾಯ್ದೆ ಕರ್ನಾಟಕದಲ್ಲಿ ಜಾರಿಗೆ ಬಂದದ್ದೇ 1970ರಲ್ಲಿ. ಅದಕ್ಕೂ ಹಿಂದೆ, ಮೈಸೂರು ಸಂಸ್ಥಾನದ ಕಾಲದಲ್ಲಿ ಹಳ್ಳಿಯ ಲೆಕ್ಕವೆಲ್ಲ ಪಟೇಲರು, ಶಾನುಭೋಗರ ಕೈಯಲ್ಲಿತ್ತು. ಅರವತ್ತರ ದಶಕದಲ್ಲಿ ಆ ವಂಶಪಾರಂಪರ್ಯ ಹುದ್ದೆಗಳು ರದ್ದಾದಾಗ ಎಷ್ಟೋ ಪುಸ್ತಕ ಅಟ್ಟದಲ್ಲೇ ಉಳಿದು ಗೆದ್ದಲಿಗೆ ಹೋದವು. ನಿಮಗೆ ನಾನು ತೋರಿಸುವುದು ಜಮೀನಿನ ದಾಖಲೆ. ಮುತ್ತಾತನಿಗೆ ಹೊಲ ಇತ್ತೆಂದರೆ ಅದು ಮಕ್ಕಳಿಗೆ ದಾಟಿದ್ದು ಎಲ್ಲೋ ಬರೆದಿರಲೇಬೇಕು. ಪಹಣಿಯ 9 ಮತ್ತು 10ನೇ ಕಾಲಂ ಹಿಡಿದು ಹಿಂದಕ್ಕೆ ಹೋಗಿ. ಎಂ.ಆರ್. (ಖಾತೆ ಬದಲಾವಣೆಯ ರಿಜಿಸ್ಟರು) ನಂಬರು, ಅದಕ್ಕೂ ಹಿಂದೆ ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್). ‘ಪೌತಿಯಾದ ಪ್ರಯುಕ್ತ ಮಕ್ಕಳ ಹೆಸರಿಗೆ’ ಅನ್ನುವ ಒಂದು ಸಾಲು ಸಿಕ್ಕಿದರೆ, ಸಾವು ಆ ತಾರೀಖಿಗಿಂತ ಮುಂಚೆ ಅನ್ನುವುದಂತೂ ಖಾತ್ರಿ.

ಕಚೇರಿಯ ಹೊರಗೂ ಪುಸ್ತಕ ಇಟ್ಟವರಿದ್ದಾರೆ. ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೇ ಅಂತ ಊರಲ್ಲಿ ಕೇಳಿಸಿ. ವಂಶಾವಳಿ ಓದಿ ಹೇಳುವುದೇ ಅವರ ಕುಲಕಸುಬು. ಮನೆಯ ಯಾರಾದರೂ ಗಯೆಗೋ ಕಾಶಿಗೋ ಹೋಗಿ ಪಿಂಡ ಇಟ್ಟಿದ್ದರೆ ಅಲ್ಲಿನ ಪಂಡಾಗಳ (ತೀರ್ಥ ಪುರೋಹಿತರ) ಬಹಿಯಲ್ಲಿ, ಅಂದರೆ ದಾಖಲೆ ಪುಸ್ತಕದಲ್ಲಿ, ಊರು, ಗೋತ್ರ, ತಲೆಮಾರಿನ ಹೆಸರು ಇರುತ್ತವೆ. ಇವು ಕೋರ್ಟಿಗೆ ಎಷ್ಟು ದೂರ ಹೋಗುತ್ತವೋ ಬೇರೆ ಮಾತು, ನಿಮ್ಮ ಪುಸ್ತಕಕ್ಕೆ ಬೇಕಾದಷ್ಟಾಯಿತು.

ಪ್ರಶ್ನೆ: ಯಜಮಾನರ ಮರಣ ಪತ್ರದಲ್ಲಿ ‘ಶ್ರೀನಿವಾಸ’ ಬದಲು ‘ಶ್ರೀನಿವಾಸಯ್ಯ’ ಆಗಿದೆ. ಬ್ಯಾಂಕಿನವರು ಒಪ್ಪುತ್ತಿಲ್ಲ. ಸಾವಿನ ಕಾರಣವನ್ನೂ ಬರೆದಿಲ್ಲ, ಅದೂ ತಪ್ಪೇ?

ಉತ್ತರ: ಕಾರಣ ಬರೆಯದಿರುವುದು ತಪ್ಪಲ್ಲ. ರಿಜಿಸ್ಟರಿನಲ್ಲಿ ಕಾರಣ ಇದ್ದರೂ ಹೊರಗೆ ಕೊಡುವ ಪ್ರತಿಯಲ್ಲಿ ತಿಳಿಸಬಾರದು ಅಂತ ಕಾಯ್ದೆಯೇ ಹೇಳುತ್ತದೆ. ವಿಮೆಯವರು ಕೇಳಿದರೆ ಆಸ್ಪತ್ರೆಯ ವೈದ್ಯಕೀಯ ಪತ್ರ ಕೊಡಿ. ಹೆಸರಿಗೆ ಮಾತ್ರ 15ನೇ ಕಲಂ ಪ್ರಕಾರ ತಿದ್ದುಪಡಿ ಅರ್ಜಿ ಹಾಕಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಶಾಲೆಯ ಟಿ.ಸಿ. ಏನಿದೆಯೋ ಲಗತ್ತಿಸಿ. ಹಳೆಯ ನಮೂದನ್ನು ಅಳಿಸುವುದಿಲ್ಲ. ಅಂಚಿನಲ್ಲಿ ಸರಿಯಾದ ಹೆಸರು ಬರೆದು ನೋಂದಣಾಧಿಕಾರಿ ಸಹಿ, ತಾರೀಖು ಹಾಕುತ್ತಾರೆ. ಹೊಸ ಪ್ರತಿ ಬಂದ ಮೇಲೆ ಅಲ್ಲೇ ನಿಂತು ತಂದೆಯ ಹೆಸರು, ವಿಳಾಸ, ದಿನಾಂಕ ಎಲ್ಲ ಓದಿ ನೋಡಿ, ಒಂದಲ್ಲ, ನಾಲ್ಕೈದು ಪ್ರತಿ ತೆಗೆದುಕೊಂಡು ಬನ್ನಿ. ಬ್ಯಾಂಕು, ವಿಮೆ, ಪಿಂಚಣಿ, ಖಾತೆ ಬದಲಾವಣೆ ಎಲ್ಲೆಡೆ ಕೇಳುತ್ತಾರೆ.