ಸುಳ್ಳು ಹೆಂಚು ಹಾಕಿಸಬೇಡಿ

ಪ್ರೀತಿಯ ಓದುಗರೇ,

ನಿಮ್ಮ ಕಾಗದ ಎರಡು ಸಲ ಓದಿದೆ. ಬೀದಿಯಲ್ಲಿ ಎಲ್ಲವೂ ಹೆಂಚಿನ ಮಾಡಿನ ಹಳೆಯ ಮನೆಗಳು. ನಡುವೆ ನೀವು ಚಪ್ಪಟೆ ತಾರಸಿಯ, ದೊಡ್ಡ ಗಾಜಿನ ಮನೆ ಕಟ್ಟಲು ಹೊರಟಿದ್ದೀರಿ. ಪಾಯ ಮುಗಿಯುವ ಮೊದಲೇ ಅಕ್ಕಪಕ್ಕದವರು ಅದನ್ನು 'ಡಬ್ಬ' ಎನ್ನುತ್ತಿದ್ದಾರೆ. ಅವರ ಸಮಾಧಾನಕ್ಕೆ ಮುಂದುಗಡೆ ಮಾತ್ರ ಸ್ವಲ್ಪ ಹೆಂಚು ಹೊದಿಸಿಬಿಡಲೇ ಎಂದು ಕೇಳಿದ್ದೀರಿ.

ಬೇಡ. ಹೆಂಚಿನ ಮಾಡು ಮಳೆ ನೀರನ್ನು ಗೋಡೆಯಿಂದ ದೂರ ಸುರಿಸುತ್ತದೆ, ಸೂರಿನ ಕೆಳಗೆ ನೆರಳು ಕೊಡುತ್ತದೆ. ಅದರ ಚಂದ ಇರುವುದೇ ಆ ಕೆಲಸದಲ್ಲಿ. ಕಾಂಕ್ರೀಟಿಗೆ ಅಂಟಿಸಿದ ಎರಡು ಸಾಲು ಹೆಂಚು ಇದ್ಯಾವುದನ್ನೂ ಮಾಡುವುದಿಲ್ಲ. ಹಳೆ ಮನೆಯಲ್ಲಿ ಬಾಳಿದವರಿಗೆ ಇದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಇಂಥ ಸಿಟ್ಟು ಹೊಸದೇನಲ್ಲ. 1910ರ ಸುಮಾರಿಗೆ ಆಸ್ಟ್ರಿಯಾದ ವಿಯೆನ್ನಾದಲ್ಲಿ ಅರಮನೆ ಎದುರು ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಅಲಂಕಾರವೇ ಇಲ್ಲದ ಬೋಳು ಗೋಡೆಯ ಕಟ್ಟಡ ಎಬ್ಬಿಸಿದಾಗ ಕಿಟಕಿಗಳ ಮೇಲೆ ಅಲಂಕಾರದ ಪಟ್ಟಿ ಇಲ್ಲವೆಂದು ಜನ ಅದಕ್ಕೆ 'ಹುಬ್ಬಿಲ್ಲದ ಮನೆ' ಎಂದು ಹೆಸರಿಟ್ಟರು. ಕೊನೆಗೆ ಕಿಟಕಿಗಳಿಗೆ ಹೂವಿನ ತೊಟ್ಟಿ ಇಟ್ಟು ರಾಜಿಯಾಯಿತು. ನನಗೆ ಜಾಸ್ತಿ ಇಷ್ಟವಾದದ್ದು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿರುವ ರೀಟ್‌ವೆಲ್ಡ್ ಶ್ರೋಡರ್ ಮನೆ. 1924ರದ್ದು. ಹಳೆ ಇಟ್ಟಿಗೆ ಮನೆಗಳ ಸಾಲಿನ ತುದಿಗೆ ಅಂಟಿಕೊಂಡೇ ನಿಂತಿದೆ, ಬಿಳಿ, ಬೂದು ಹಲಗೆಗಳಂಥ ಗೋಡೆ, ನಡುನಡುವೆ ಕೆಂಪು, ಹಳದಿ, ನೀಲಿ ಪಟ್ಟಿ, ಪಕ್ಕದ ಮನೆಗಳ ಹೋಲಿಕೆ ಒಂದಿಷ್ಟೂ ಇಲ್ಲ. ಆದರೆ ಎತ್ತರದಲ್ಲಿ ಆ ಸಾಲನ್ನು ಮೀರಿಲ್ಲ ನೋಡಿ. ಕಟ್ಟಿಸಿದ ತ್ರೂಸ್ ಶ್ರೋಡರ್ 1985ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಬಾಳಿದರು. 2000ದಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಹಾಗಂತ ನೆರೆಯವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಫ್ರಾನ್ಸ್‌ನಲ್ಲಿ ಕಟ್ಟಿದ ವಿಲ್ಲಾ ಸವೋಯ್ ಎಂಬ ಮನೆ ಇಂದು ಜಗತ್ಪ್ರಸಿದ್ಧ, ಆದರೆ ಆ ಚಪ್ಪಟೆ ತಾರಸಿ ಸೋರುತ್ತದೆ ಎಂದು ಮನೆಯೊಡತಿ ಮತ್ತೆ ಮತ್ತೆ ಕಾಗದ ಬರೆಯಬೇಕಾಯಿತು. ತಾರಸಿಗೆ ನೀರು ಹರಿಯುವಷ್ಟು ಇಳಿಜಾರು ಕೊಡಿಸಿ. ಪೈಪಿನ ನೀರು ಪಕ್ಕದವರ ಕಾಂಪೌಂಡಿಗೆ ಬೀಳದಂತೆ ನೋಡಿಕೊಳ್ಳಿ.

ನಿಮ್ಮ ಕಾಗದದಲ್ಲೇ ಇನ್ನೊಂದು ಸಾಲಿದೆ. ಮೇಲಿನ ಗಾಜಿನ ಗೋಡೆ ಪಕ್ಕದ ಅಜ್ಜಿಯ ಹಿತ್ತಲಿಗೆ ಮುಖ ಮಾಡಿದೆ ಎಂದಿದ್ದೀರಿ. ಜಗಳದ ಬೇರು ಇಲ್ಲೇ ಇದೆ ಅನ್ನಿಸುತ್ತದೆ. 'ಡಬ್ಬ' ಎನ್ನುವುದು ಸುಲಭ, 'ನೀವು ನನ್ನ ಹಿತ್ತಲು ನೋಡುತ್ತೀರಿ' ಎಂದು ಬಾಯಿಬಿಟ್ಟು ಹೇಳುವುದು ಕಷ್ಟ ಅಲ್ವಾ? ರಾತ್ರಿ ದೀಪ ಹಾಕಿದರೆ ಅದೇ ಗಾಜಿನಲ್ಲಿ ನಿಮ್ಮ ಮನೆಯೊಳಗೂ ಎಲ್ಲ ಕಾಣುತ್ತದೆ. ಆ ಗಾಜನ್ನು ರಸ್ತೆಯ ಕಡೆಗೋ ನಿಮ್ಮದೇ ಅಂಗಳದ ಕಡೆಗೋ ತಿರುಗಿಸಿ. ಹಿತ್ತಲ ಕಡೆ ತಲೆಗಿಂತ ಮೇಲಕ್ಕೆ ಉದ್ದನೆಯ ಕಿಟಕಿ ಸಾಕು, ಬೆಳಕು ಧಾರಾಳವಾಗಿ ಬರುತ್ತದೆ. ಬೀದಿಯ ಮನೆಗಳೆಲ್ಲ ರಸ್ತೆಯಿಂದ ಎಷ್ಟು ಹಿಂದೆ ಸರಿದಿವೆಯೋ ನೀವೂ ಅಷ್ಟೇ ಸರಿಯಿರಿ. ಇಷ್ಟಾದ ಮೇಲೆ ಮನೆ ಚೌಕವೋ ಇಳಿಜಾರೋ, ಅದು ನಿಮ್ಮ ಇಷ್ಟ.

ಪಾಯದ ಹಂತದಲ್ಲೇ ಇರುವುದರಿಂದ ಕಿಟಕಿ ಬದಲಿಸಲು ಇನ್ನೂ ಸಮಯವಿದೆ. ಈ ವಾರವೇ ನಕ್ಷೆ ಹಿಡಿದು ಅಜ್ಜಿಯ ಮನೆಗೆ ಹೋಗಿ, ಅವರ ಹಿತ್ತಲಲ್ಲೇ ನಿಂತು ನಿಮ್ಮ ಗೋಡೆ ಎಲ್ಲಿಯವರೆಗೆ ಏಳುತ್ತದೆ ಎಂದು ಕೈ ಎತ್ತಿ ತೋರಿಸಿ.

- ಸಂಪಾದಕ