ಮಲ್ಲಿಗೆ ಚೆಂಡಿನ ಲೆಕ್ಕ ತಪ್ಪಿದಾಗ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

"ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ರೆ ಮುಗೀತಲ್ವಾ ಮೇಡಂ?" ನನ್ನಲ್ಲಿ ಸಲಹೆ ಕೇಳಲು ಬಂದ ಯಜಮಾನರು ಕೂತ ಕೂಡಲೇ ಕೇಳಿದ್ದು ಇದನ್ನೇ. ಅವರಿಗೆ 76, ಅವರ ಹೆಂಡತಿಗೆ (ನಾನು ಅಮ್ಮ ಅನ್ನುವುದು ಅವರನ್ನೇ) 71. ಮನೆ ಉಡುಪಿ ಜಿಲ್ಲೆಯ ಕಾಪು ಕಡೆ. ಮುಂಬೈಯ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದು ಊರಿಗೆ ಮರಳಿದವರು, ಪಿಂಚಣಿ ಇಲ್ಲ. ಮನೆ, ಮಲ್ಲಿಗೆ ಗಿಡ, ರಸ್ತೆ ಬದಿಯ ಖಾಲಿ ಜಾಗ ಸೇರಿ 34 ಸೆಂಟ್ಸ್. ಎಲ್ಲವೂ ಕುಟುಂಬದ ಪಾಲಿನಲ್ಲಿ ಅಮ್ಮನಿಗೆ ಬಂದದ್ದು, ಅವರ ಹೆಸರಿನಲ್ಲೇ ಉಂಟು. ಮಗ ಮಂಗಳೂರಿನಲ್ಲಿ, ಮಗಳು ಪುಣೆಯಲ್ಲಿ.

ಅಮ್ಮನ ಮರೆವು ಮೊದಲು ಗೊತ್ತಾದದ್ದು ಹೂವು ಕೊಳ್ಳುವ ಕಟ್ಟೆಯಲ್ಲಿ. ಶಂಕರಪುರ ಮಲ್ಲಿಗೆ ಕಟ್ಟುವವರ ಲೆಕ್ಕ ಪಕ್ಕಾ. ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಲವತ್ತು ವರ್ಷ ಬಾಳೆನಾರು ಹಿಡಿದ ಬೆರಳು ತಾನಾಗಿ ಎಣಿಸುತ್ತಿತ್ತು. ಚೆಂಡಿನಲ್ಲಿ ಹೂವು ಕಡಿಮೆ ಬರ್ತಾ ಉಂಟು ಅಂತ ಕಟ್ಟೆಯವರು ಎರಡು ಸಲ ಹೇಳಿ ಕಳಿಸಿದರು. ಆಮೇಲೆ ಡಾಕ್ಟರು, ಸ್ಕ್ಯಾನ್. ಡಿಮೆನ್ಷಿಯಾ, ಶುರುವಿನ ಹಂತ.

ಮಗ ದಾನಪತ್ರ ಕೇಳಿದ್ದು ದುರಾಸೆಯಿಂದ ಅಂತ ನನಗೆ ಅನಿಸಲಿಲ್ಲ. ಅವನಿಗೂ ಹೆದರಿಕೆ. ಆದರೂ ಬೇಡ ಅಂದೆ. ದಾನಪತ್ರ ರಿಜಿಸ್ಟರ್ ಆದ ಮೇಲೆ ಮನಸ್ಸು ಬದಲಾಯಿತು ಅಂತ ವಾಪಸ್ ಪಡೆಯಲು ಆಗುವುದಿಲ್ಲ. ನೋಡಿಕೊಳ್ಳದಿದ್ದರೆ ದಾನವನ್ನು ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಉಂಟಲ್ಲ ಅಂತೀರಿ. ಉಂಟು. ಆದರೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟದ್ದು ಅಂತ ತೋರಿಸಬೇಕು. ಪತ್ರದಲ್ಲಿ ಅದನ್ನು ಬರೆಯದಿದ್ದರೆ ವಾದ ಎಳೆಯುತ್ತದೆ. ಉಡುಪಿ ಜಿಲ್ಲೆಯವರು ಅದಕ್ಕೆ ಕುಂದಾಪುರದ ಸಹಾಯಕ ಆಯುಕ್ತರ ಕಚೇರಿಗೆ ಅಲೆಯಬೇಕು. ಆ ಕಾಯ್ದೆಯಲ್ಲಿ ಜೀವನಾಂಶ ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. ಇವರು ವಿಚಾರಿಸಿದ ಹೋಂ ನರ್ಸ್ ಒಬ್ಬರಿಗೇ 26,000.

"ಹಾಗಾದ್ರೆ ಸುಮ್ನೆ ಇರೋದಾ? ಅವಳ ನಂತರ ಹೇಗೂ ನನಗೆ ಬರ್ತದಲ್ಲ."

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಇವರದು ಅಳಿಯಕಟ್ಟಿನ, ಅಂದರೆ ಹೆಣ್ಣಿನ ಕಡೆಯಿಂದ ವಂಶ, ಆಸ್ತಿ ಹರಿಯುವ ಅಳಿಯಸಂತಾನದ ಕುಟುಂಬ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಕಲಂ ಪ್ರಕಾರ, ಅಳಿಯಸಂತಾನದ ಹೆಂಗಸು ವೀಲುನಾಮೆ (ಉಯಿಲು) ಬರೆಯದೆ ತೀರಿಕೊಂಡರೆ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಆಕೆಯ ತಾಯಿಗೆ. ಗಂಡ ಎರಡನೇ ಸಾಲಿನವನು. ಮಕ್ಕಳಿರುವಾಗ ಅವನಿಗೆ ಪಾಲೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಗಂಡಸರಿಗೆ ಇದು ಗೊತ್ತಿಲ್ಲ. ಯಜಮಾನರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಆ ಮನೆಯ ಹೆಂಚು ಹೊದಿಸಿದ್ದು ನಾನು," ಅಂದರು.

ಅಮ್ಮನನ್ನು ಒಬ್ಬರನ್ನೇ ಕೂರಿಸಿ ಮಾತಾಡಿದೆ. ಆಸ್ತಿ ಅವರದು, ತಲೆ ಇನ್ನೂ ಸರಿಯಾಗಿಯೇ ಕೆಲಸ ಮಾಡುತ್ತಿದೆ. ನಡುವೆ ಮಗಳ ಊರು ನೆನಪಾಗಲಿಲ್ಲ, ಆದರೆ ಬೇಕಾದದ್ದು ಸ್ಪಷ್ಟ ಇತ್ತು. "ಇವರನ್ನು ಆ ಮನೆಯಿಂದ ಏಳಿಸಬಾರದು. ನನ್ನನ್ನು ಎಲ್ಲಿಗೂ ಕಳಿಸಬಾರದು."

ಹಾಗಾಗಿ ಮೊದಲ ಸಲಹೆ, ತಡಮಾಡದೆ ವೀಲುನಾಮೆ. ಮನೆಯಲ್ಲಿ ಯಜಮಾನರಿಗೆ ಬದುಕಿರುವ ತನಕ ಹಕ್ಕು, ನಂತರ ಇಬ್ಬರು ಮಕ್ಕಳಿಗೂ ಸಮ. ರಿಜಿಸ್ಟರ್ ಮಾಡಲೇಬೇಕೆಂದಿಲ್ಲ, ಆದರೆ ಮರೆವಿನ ಕಾಯಿಲೆ ಇರುವಾಗ ಮಾಡಿಸುವುದೇ ಒಳ್ಳೆಯದು. ಪಾಲು ಪಡೆಯದ ಇಬ್ಬರು ಸಾಕ್ಷಿಗಳು, ಅದೇ ವಾರದ ಡಾಕ್ಟರ ಸರ್ಟಿಫಿಕೇಟ್.

ಆದರೆ ವೀಲುನಾಮೆಗೆ ಜೀವ ಬರುವುದು ಸತ್ತ ಮೇಲೆ. ಅಮ್ಮ ಇನ್ನು ಹತ್ತು ವರ್ಷ ಬದುಕಿದರೆ? ಯಜಮಾನರು ಪವರ್ ಆಫ್ ಅಟಾರ್ನಿ ಸಾಕು ಅಂದುಕೊಂಡಿದ್ದರು. ಸಾಲದು. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದು ಬಿದ್ದುಹೋಗುತ್ತದೆ. ಬೇಕಾದಾಗಲೇ ಕೈಕೊಡುವ ಕಾಗದ ಅದು. ಆಮೇಲೆ ಅಮ್ಮನ ಚಿಕಿತ್ಸೆಗೆ ಅಮ್ಮನದೇ ಜಾಗ ಮಾರಲು ಕೋರ್ಟಿಗೆ ಹೋಗಬೇಕು.

ಹಾಗಾಗಿ ಎರಡನೆಯದು. ರಸ್ತೆ ಬದಿಯ 12 ಸೆಂಟ್ಸ್ ಈಗಲೇ, ಅಮ್ಮನ ಸಹಿ ನಡೆಯುವಾಗಲೇ ಮಾರಿ. ಇದು ಇಬ್ಬರಿಗೂ ಕಷ್ಟವಾಯಿತು. ಕುಟುಂಬದ ಜಾಗ ಮಾರುವುದು ಅಂದರೆ ದೈವಕ್ಕೆ ಏನು ಹೇಳುವುದು ಅಂತ. ದೈವಕ್ಕೆ ಸೇವೆ ಕೊಡುವ ಮುಂದಿನ ತಂಬಿಲದ ದಿನ ಪ್ರಾರ್ಥನೆ ಮಾಡಿ ಹೇಳಿಕೊಳ್ಳುತ್ತೇವೆ ಅಂತ ಕೊನೆಗೆ ಅವರೇ ದಾರಿ ಕಂಡುಕೊಂಡರು. ಬಂದ 36 ಲಕ್ಷದಲ್ಲಿ 30 ಲಕ್ಷವನ್ನು ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಿ ಅಂದೆ. ಒಬ್ಬರಿಗೆ ಮಿತಿಯೂ ಅಷ್ಟೇ. ಖಾತೆ ಯಜಮಾನರ ಹೆಸರಲ್ಲಿ, ಜೊತೆಗೆ ಅಮ್ಮ. 8.2 ಪರ್ಸೆಂಟ್ ಅಂದರೆ ಮೂರು ತಿಂಗಳಿಗೊಮ್ಮೆ 61,500, ತಿಂಗಳಿಗೆ 20,500 ಬಿದ್ದ ಹಾಗೆ. ಹೋಂ ನರ್ಸ್ ಈಗಲೇ ಬೇಡ, ಅಷ್ಟರವರೆಗೆ ಬಡ್ಡಿ ಕೂಡಿಡಿ. ಉಳಿದ ಆರು ಲಕ್ಷ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವ ಜಂಟಿ ಖಾತೆಗೆ. ಆರೋಗ್ಯ ವಿಮೆ ಉಂಟು, ಆದರೆ ಅದು ಆಸ್ಪತ್ರೆಯ ಬಿಲ್ಲಿಗೆ. ದಿನಾ ಸ್ನಾನ ಮಾಡಿಸಿ ಊಟ ಕೊಡುವವರ ಸಂಬಳ ಅದರಲ್ಲಿ ಬರುವುದಿಲ್ಲ.

ನನ್ನದೊಂದು ತಪ್ಪಾಯಿತು. ಮಗಳನ್ನು ಶುರುವಿನಲ್ಲೇ ಫೋನಿನಲ್ಲಾದರೂ ಸೇರಿಸಬೇಕಿತ್ತು. ಮಾರಾಟದ ಸುದ್ದಿ ಅವರಿಗೆ ಅಣ್ಣನ ಬಾಯಿಂದ ಹೋಯಿತು. ಅಣ್ಣನೇ ಮಾರಿಸಿದ್ದು ಅಂತ ಅವರು ತಿಳಿದುಕೊಂಡಿದ್ದಾರೆ.

ವೀಲುನಾಮೆ ರಿಜಿಸ್ಟರ್ ಆಗಿದೆ, ಹಣ ಖಾತೆಗೆ ಬಿದ್ದಿದೆ. ಮಗಳು ಅಷ್ಟಮಿಗೆ ಊರಿಗೆ ಬರುತ್ತಾರಂತೆ. ನಾಲ್ವರೂ ಒಟ್ಟಿಗೆ ಬನ್ನಿ, ಪಾಸ್‌ಬುಕ್ಕನ್ನೂ ತಿಂಗಳ ಖರ್ಚಿನ ಪುಸ್ತಕವನ್ನೂ ತನ್ನಿ ಅಂತ ಹೇಳಿದ್ದೇನೆ.