ಪಕ್ಕದಲ್ಲೇ ಇದ್ದಾರೆ, ಆದರೂ ಅವರ ನೆನಪಾಗುತ್ತದೆ

ಪ್ರಶ್ನೆ: ಅಕ್ಕ, 14 ತಿಂಗಳ ಹಿಂದೆ ನನ್ನ ಗಂಡ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. 11 ದಿನ ಪ್ರಜ್ಞೆ ಇರಲಿಲ್ಲ. ಈಗ ನಡೆಯುತ್ತಾರೆ, ಮಾತಾಡುತ್ತಾರೆ, ಗಾಯದ ಗುರುತು ಕೂದಲಲ್ಲಿ ಮುಚ್ಚಿಹೋಗಿದೆ. ನೋಡಿದವರೆಲ್ಲ ‘ಪೂರ್ತಿ ಹುಷಾರಾದರಲ್ಲ’ ಅನ್ನುತ್ತಾರೆ. ಆದರೆ ಸ್ನಾನಕ್ಕೆ ಹೋಗಿ ಅಂದರೆ ‘ಹ್ಞೂಂ’ ಅಂದು ಗಂಟೆಯಾದರೂ ಕೂತಲ್ಲೇ ಕೂತಿರುತ್ತಾರೆ. ಮಕ್ಕಳ ಸದ್ದಿಗೆ ಕೂಗಾಡುತ್ತಾರೆ. ನನಗೆ ಜ್ವರ ಬಂದು ಮಲಗಿದ್ದಾಗ ಹೇಗಿದ್ದೀಯ ಅಂತ ಕೇಳಲಿಲ್ಲ. ತಮಗೇನೂ ಆಗಿಲ್ಲ, ನಾನೇ ದೊಡ್ಡದು ಮಾಡುತ್ತಿದ್ದೇನೆ ಅಂತಾರೆ. ಮೊನ್ನೆ ಎಂಟು ವರ್ಷದ ಮಗಳು ‘ಹಳೇ ಅಪ್ಪ ಯಾವಾಗ ಬರ್ತಾರೆ?’ ಅಂದಳು. ನನ್ನ ಮನಸ್ಸಿನಲ್ಲೂ ಅದೇ ಇದೆ. ಬದುಕಿ ಬಂದರಲ್ಲ ಅಂತ ಸಮಾಧಾನ ಪಡಬೇಕಾದವಳು ಹೀಗೆ ಯೋಚಿಸುವುದು ತಪ್ಪಲ್ವಾ?

— ಹೆಸರು ಬೇಡ

ಉತ್ತರ: ತಪ್ಪಲ್ಲ ತಂಗಿ. ನನ್ನ ಗಂಡ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಗಿ ಒಂಬತ್ತು ವರ್ಷವಾಯಿತು. ನೀವು ಬರೆದ ಆ ‘ಹ್ಞೂಂ’ ಓದಿ, ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ನಮ್ಮ ಮನೆಯಲ್ಲೂ ಹಾಗೇ ಇತ್ತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮಂಚದ ತುದಿಯಲ್ಲಿ 40 ನಿಮಿಷ ಕೂತಿರುತ್ತಿದ್ದರು. ಸೋಮಾರಿತನ ಅಂದುಕೊಂಡೆ. ನನ್ನ ಮೇಲಿನ ಹಟ ಅಂದುಕೊಂಡೆ. ಒಂದು ದಿನ ಅತ್ತುಬಿಟ್ಟೆ ಕೂಡ. ಆಮೇಲೆ ಅವರಿಗೆ ತರಬೇತಿ ಕೊಡುತ್ತಿದ್ದ ಥೆರಪಿಸ್ಟ್ ಬಿಡಿಸಿ ಹೇಳಿದರು. ಕೆಲಸ ಶುರು ಮಾಡುವುದು, ಒಂದಾದ ಮೇಲೆ ಒಂದು ಮಾಡುವುದು, ಸಿಟ್ಟು ತಡೆಯುವುದು, ಇದೆಲ್ಲ ಹಣೆಯ ಹಿಂದಿನ ಮೆದುಳಿನ ಕೆಲಸ. ಜೋರಾಗಿ ಪೆಟ್ಟು ಬಿದ್ದಾಗ ಮೆದುಳು ಬುರುಡೆಯೊಳಗೆ ಅಲುಗಾಡುತ್ತದೆ. ಅಲ್ಲಿ ಮೂಳೆ ಒರಟಾಗಿರುವುದರಿಂದ ಆ ಭಾಗಕ್ಕೇ ಏಟು ಜಾಸ್ತಿ. ಒಳಗಿನ ಸಣ್ಣ ಸಣ್ಣ ನರದ ಎಳೆಗಳೂ ಜಗ್ಗಿಹೋಗುತ್ತವೆ, ಎಷ್ಟೋ ಸಲ ಅದು ಸ್ಕ್ಯಾನಿನಲ್ಲಿ ಕಾಣುವುದೂ ಇಲ್ಲ. ‘ಅವರಿಗೆ ಏಳುವ ಮನಸ್ಸಿದೆ, ಆದರೆ ಶುರುವೇ ಆಗುತ್ತಿಲ್ಲ’ ಅಂದರು. ಆ ಒಂದು ಮಾತು ನನ್ನ ಸಂಸಾರ ಉಳಿಸಿತು.

ಅವತ್ತಿನಿಂದ ‘ಸ್ನಾನ ಮಾಡಿ’ ಅನ್ನುವುದನ್ನು ಬಿಟ್ಟೆ. ‘ಏಳಿ’ ಅಂತಿದ್ದೆ. ಎದ್ದ ಮೇಲೆ ‘ಟವೆಲ್ ತಗೊಳ್ಳಿ’. ಬಚ್ಚಲ ಬಾಗಿಲಿಗೆ ಐದು ಸಾಲು ದೊಡ್ಡದಾಗಿ ಬರೆದು ಅಂಟಿಸಿದೆ. ಅವರ ಫೋನಿನಲ್ಲಿ ಬೆಳಿಗ್ಗೆ ಎಂಟಕ್ಕೆ ಅಲಾರಂ ಇಟ್ಟೆ. ನನ್ನ ದನಿ ಕೇಳಿದರೆ ಗದರಿದ ಹಾಗಾಗುತ್ತಿತ್ತು ಅವರಿಗೆ. ಅಲಾರಂ ಮೇಲೆ ಅಂಥ ಸಿಟ್ಟಿರಲಿಲ್ಲ. ಮೂರು ತಿಂಗಳು ಹಿಡಿಯಿತು, ಆಮೇಲೆ ಗಂಟೆ ಹೊಡೆದರೆ ಏಳುವುದು ಅಭ್ಯಾಸವಾಯಿತು. ಏಳದ ದಿನ ಈಗಲೂ ಇರುತ್ತದೆ.

ತಮಗೇನೂ ಆಗಿಲ್ಲ ಅನ್ನುವುದು ಸುಳ್ಳೂ ಅಲ್ಲ, ಮೊಂಡುತನವೂ ಅಲ್ಲ. ಕೊರತೆಯನ್ನು ಗುರುತಿಸಬೇಕಾದ ಭಾಗಕ್ಕೇ ಪೆಟ್ಟಾದರೆ ಅದು ತಿಳಿಯುವುದು ಹೇಗೆ? ವಾದ ಮಾಡಬೇಡಿ. ನಾನು ಎರಡು ವರ್ಷ ವಾದ ಮಾಡಿ ಏನೂ ಗಳಿಸಲಿಲ್ಲ. ಆದರೆ ಗಾಡಿ ಓಡಿಸುವುದು, ಒಲೆ, ದೊಡ್ಡ ದುಡ್ಡಿನ ವ್ಯವಹಾರ, ಇವಕ್ಕೆ ‘ಈಗ ಬೇಡ’ ಅನ್ನುವ ಮಾತು ಡಾಕ್ಟರ ಬಾಯಿಂದ ಬರಲಿ. ಮನೆಯಲ್ಲಿ ನೀವೇ ಪೊಲೀಸ್ ಆಗಬೇಡಿ. ಇನ್ನೊಂದು: ವಾಸನೆ ಗೊತ್ತಾಗುತ್ತದಾ ಅಂತ ನೋಡಿ. ತಲೆಗೆ ಪೆಟ್ಟಾದ ಎಷ್ಟೋ ಜನರಿಗೆ ಅದು ಹೋಗಿಬಿಡುತ್ತದೆ. ಗ್ಯಾಸ್ ಸೋರಿದರೂ ತಿಳಿಯುವುದಿಲ್ಲ. ನಮಗೆ ಇದು ಗೊತ್ತಾಗಿದ್ದು ಪಾತ್ರೆ ಸೀದು ಮನೆಯೆಲ್ಲ ಹೊಗೆ ತುಂಬಿದ ದಿನ. ಅವರು ಪಕ್ಕದಲ್ಲೇ ಪೇಪರ್ ಓದುತ್ತಿದ್ದರು.

ಕೂಗಾಟದ ವಿಷಯಕ್ಕೆ ಬರುತ್ತೇನೆ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ನಮ್ಮವರು ಸಿಟ್ಟಾದ ಹೊತ್ತು ಬರೆದಿಟ್ಟೆ. ಹೆಚ್ಚು ಕಮ್ಮಿ ಎಲ್ಲವೂ ಸಂಜೆ ಐದರಿಂದ ಏಳರೊಳಗೆ. ಅಷ್ಟು ಹೊತ್ತಿಗೆ ಅವರ ತಲೆ ದಣಿದಿರುತ್ತಿತ್ತು. ನಮಗೆ ಸಲೀಸಾದ ಮಾತುಕತೆಗೂ ಪೆಟ್ಟಾದ ಮೆದುಳು ದುಪ್ಪಟ್ಟು ದುಡಿಯಬೇಕು. ನಾಲ್ಕು ಗಂಟೆಗೆ ಪರದೆ ಎಳೆದ ಕೋಣೆಯಲ್ಲಿ ಅರ್ಧ ಗಂಟೆ ಮಲಗಿಸಲು ಶುರು ಮಾಡಿದೆ. ಟಿವಿ ಹಾಕಿಕೊಂಡು ಮಾತಾಡುವುದನ್ನು ಮನೆಯವರೆಲ್ಲ ನಿಲ್ಲಿಸಿದೆವು. ಸಿಟ್ಟು ಪೂರ್ತಿ ಹೋಗಲಿಲ್ಲ, ತುಂಬಾ ಕಮ್ಮಿಯಾಯಿತು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅವರು ಕೈ ಎತ್ತಿದರೆ, ಅಥವಾ ನಿಮಗೆ ಭಯವಾದರೆ, ಸಹಿಸಿಕೊಂಡು ಕೂರಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ, ಅವತ್ತೇ ಡಾಕ್ಟರಿಗೆ ತಿಳಿಸಿ. ಪೆಟ್ಟಾಗಿದೆ ಅನ್ನುವುದಕ್ಕೆ ನೀವು ಏಟು ತಿನ್ನಬೇಕಾಗಿಲ್ಲ.

ಮಗಳಿಗೆ ನಿಜ ಹೇಳಿ. ‘ಅಪ್ಪನ ತಲೆಯೊಳಗೆ ಗಾಯ ಆಗಿದೆ, ಹೊರಗೆ ಕಾಣಲ್ಲ. ಅಪ್ಪ ಕೂಗೋದು ನಿನ್ನಿಂದಲ್ಲ.’ ಕೊನೆಯ ಮಾತನ್ನು ಮತ್ತೆ ಮತ್ತೆ ಹೇಳಿ. ನನ್ನ ಮಗ ತನ್ನಿಂದಲೇ ಹೀಗಾಗಿದೆ ಅಂತ ವರ್ಷವಿಡೀ ಅಂದುಕೊಂಡಿದ್ದ, ನನಗೆ ಗೊತ್ತೇ ಇರಲಿಲ್ಲ.

ಹಳೇ ಅಪ್ಪ ಬರುತ್ತಾರಾ? ಪೂರ್ತಿ ಹಾಗೇ ಬರಲಿಕ್ಕಿಲ್ಲ ತಂಗಿ. ಮೊದಲ ಆರು ತಿಂಗಳು, ಒಂದು ವರ್ಷ ಬೇಗ ಬೇಗ ಸುಧಾರಿಸುತ್ತದೆ, ಆಮೇಲೆ ನಿಧಾನ. ಆದರೆ ಅಲ್ಲಿಗೆ ನಿಲ್ಲುವುದಿಲ್ಲ. 1848ರಲ್ಲಿ ಅಮೆರಿಕದಲ್ಲಿ ರೈಲು ಹಾದಿಯ ಕೆಲಸದಲ್ಲಿದ್ದ ಫಿನಿಯಾಸ್ ಗೇಜ್ ಎಂಬವರ ತಲೆಯೊಳಗೆ ಕಬ್ಬಿಣದ ಸಲಾಕೆ ಹಾದುಹೋಯಿತು. ಬದುಕಿದರು, ಆದರೆ ಇವರು ಆ ಗೇಜ್ ಅಲ್ಲ ಅಂದರು ಗೆಳೆಯರು. ಕಥೆಯನ್ನು ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಆಮೇಲಿನದು. ಅವರು ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದರು. ದಿನವೂ ಅದದೇ ಕೆಲಸ ಮಾಡಿದ್ದೇ ಅವರನ್ನು ಸುಧಾರಿಸಿರಬೇಕು ಅಂತ ಕೆಲವು ಸಂಶೋಧಕರು ಹೇಳುತ್ತಾರೆ. ನಮ್ಮ ಬಚ್ಚಲ ಬಾಗಿಲಿನ ಐದು ಸಾಲು ನೋಡಿದವಳು ನಾನು, ನಂಬುತ್ತೇನೆ.

ನಾಲ್ಕನೇ ವರ್ಷದಲ್ಲಿ ಒಂದು ಸಂಜೆ ನಾನು ಹಣೆ ಹಿಡಿದುಕೊಂಡು ಕೂತಿದ್ದೆ. ‘ತಲೆನೋವಾ?’ ಅಂದರು. ಯಾರೂ ಹೇಳಿಕೊಟ್ಟಿರಲಿಲ್ಲ. ಒಳಗೆ ಹೋಗಿ ಅತ್ತೆ.

ಪೌಲಿನ್ ಬಾಸ್ ಎಂಬ ಅಮೆರಿಕದ ತಜ್ಞೆ ನಿಮ್ಮಂಥ ದುಃಖಕ್ಕೆ ಒಂದು ಹೆಸರೇ ಕೊಟ್ಟಿದ್ದಾರೆ. ಸ್ಪಷ್ಟವಿಲ್ಲದ ಅಗಲಿಕೆ. ಮನುಷ್ಯ ಎದುರಿಗಿದ್ದಾನೆ, ನಾವು ಬಲ್ಲ ಮನುಷ್ಯ ಇಲ್ಲ. ಇದಕ್ಕೆ ಯಾರೂ ಮನೆಗೆ ಬಂದು ಸಮಾಧಾನ ಹೇಳುವುದಿಲ್ಲ. ಬದುಕಿ ಬಂದ ಸಂತೋಷವೂ ಇರಲಿ, ಹಳೆಯವರಿಗಾಗಿ ಅಳುವೂ ಇರಲಿ. ಎರಡೂ ನಿಮ್ಮವೇ.

‘ಏನಾದರೂ ಬೇಕಿದ್ದರೆ ಹೇಳಿ’ ಅನ್ನುವವರಿಗೆ ಕೆಲಸ ಕೊಡಿ. ನಾನು ಮೈದುನನಿಗೆ ‘ಭಾನುವಾರ ಮೂರರಿಂದ ಐದು ಅಣ್ಣನ ಜೊತೆ ಇರು’ ಅಂದೆ. ಮೊದಲ ತಿಂಗಳು ಆ ಎರಡು ಗಂಟೆ ಬರೀ ನಿದ್ದೆ ಮಾಡಿದೆ. ನಿಮಗೂ ನಿದ್ದೆ ಇಲ್ಲ, ಅಳು ನಿಲ್ಲುತ್ತಿಲ್ಲ ಅಂದರೆ ನಿಮಗಾಗಿಯೇ ಡಾಕ್ಟರನ್ನು ಕಾಣಿ. ನಿಮ್ಮ ಗಂಡ ಮಂಕಾಗಿರುವುದನ್ನೂ ತಿಳಿಸಿ. ತಲೆಗೆ ಪೆಟ್ಟಾದವರಲ್ಲಿ ಖಿನ್ನತೆ ಸಾಮಾನ್ಯ, ಅದಕ್ಕೆ ಚಿಕಿತ್ಸೆ ಇದೆ.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಸದ್ಯಕ್ಕೆ ಆ ನೋಟ್‌ಬುಕ್ ಶುರು ಮಾಡಿ, ಸಿಟ್ಟಿನ ಹೊತ್ತು ಬರೆಯುತ್ತಾ ಬನ್ನಿ. ಎರಡು ವಾರ ಬಿಟ್ಟು ನನಗೆ ಮತ್ತೆ ಬರೆಯಿರಿ. ಕಾಯುತ್ತಿರುತ್ತೇನೆ.